ಎಡಗಡೆ ಮಾತ್ರ ಸಡಿಲ ಆಗ್ತೈತೆ

ನನ್ನ ಮೊದಲ ಲೇಖನಕ್ಕೆ ಬಂದ ಮೊದಲ ಪ್ರಶ್ನೆ ಇದು: "ಮೇಡಂ, ಕುಂಕುಮದ ಸುತ್ತಳತೆ ಅಂದ್ರೆ ಏನು?"

ತಪ್ಪು ನನ್ನದೇ. ಒಂದೇ ಬೆರಳಿನಲ್ಲಿ ಮೊಬೈಲಿನ ಮೇಲೆ ಕನ್ನಡ ಒತ್ತಿ ಒತ್ತಿ ಸಾಕಾಗಿ, ಬಾಯಲ್ಲಿ ಹೇಳಿದ್ದನ್ನು ಫೋನೇ ಬರೆದುಕೊಳ್ಳುವ ಹಾಗೆ ಮಾಡಿಕೊಂಡಿದ್ದೆ. ನಾನು ಕಂಕುಳು ಅಂದದ್ದು ಅದಕ್ಕೆ ಕುಂಕುಮ ಅಂತ ಕೇಳಿಸಿತ್ತು. ರವಿಕೆ ಕತ್ತರಿಸುವ ಆ ಲೇಖನದಲ್ಲಿ ಏಳು ಕಡೆ ಕುಂಕುಮ ಬಂದಿತ್ತು. ಲೇಖನ ಹಾಕಿದ ಜಾಲತಾಣದ ಸಂಪಾದಕಿಗೆ ಹೊಲಿಗೆ ಬಾರದು, ಅದೇನೋ ಟೇಲರುಗಳ ಮಾತಿರಬೇಕು ಎಂದು ಆಕೆ ಬಿಟ್ಟಿದ್ದರು. ಅವತ್ತು ಇಡೀ ಮಧ್ಯಾಹ್ನ ನಾನೂ ಅವರೂ ಫೋನಿನಲ್ಲಿ ನಗುತ್ತಾ ಒಂದೊಂದೇ ಕುಂಕುಮ ಅಳಿಸಿದೆವು.

ಚನ್ನಗಿರಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಹೆಂಗಸರ ಬಟ್ಟೆ ಹೊಲಿದವಳು. ಬೆನ್ನುಮೂಳೆ ಸವೆದಿದೆ, ಯಂತ್ರದ ಮುಂದೆ ಹೆಚ್ಚು ಹೊತ್ತು ಕೂರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅಂಗಡಿ ಬಿಟ್ಟೆ. ಒಂದು ಯಂತ್ರವನ್ನು ಮಾತ್ರ ಮನೆಯ ಪಡಸಾಲೆಗೆ ತಂದಿಟ್ಟುಕೊಂಡೆ. ಕೈಗೆ ಕೆಲಸವಿಲ್ಲದೆ ಫೋನು ನೋಡುತ್ತಾ ಕೂತಿದ್ದಾಗ, ಹೆಂಗಸರಿಗಾಗಿಯೇ ಇರುವ ಒಂದು ಕನ್ನಡ ಜಾಲತಾಣದಲ್ಲಿ ಯಾರೋ ಎದೆಯ ಆಕಾರಕ್ಕೆ ರವಿಕೆಯಲ್ಲಿ ಮಡಿಕೆ ಹಾಕಿ ಡಾಟು ಹಿಡಿಯುವ ಬಗ್ಗೆ ತಪ್ಪು ತಪ್ಪಾಗಿ ಬರೆದದ್ದು ಕಣ್ಣಿಗೆ ಬಿತ್ತು. ತಡೆಯಲಾರದೆ ಅದರ ಕೆಳಗೆ, ಹೀಗಲ್ಲ ಹೀಗೆ ಎಂದು ಉದ್ದಕ್ಕೆ ಬರೆದೆ. ಎರಡು ದಿನ ಬಿಟ್ಟು ಅಲ್ಲಿಯ ಸಂಪಾದಕಿ ಫೋನ್ ಮಾಡಿ, "ಇಷ್ಟೆಲ್ಲ ಗೊತ್ತಿರೋರು ನೀವೇ ಬರೀಬಹುದಲ್ವಾ?" ಎಂದು ಕೇಳಿದರು. ಹತ್ತನೇ ಕ್ಲಾಸು ಮುಗಿಸಿದ ಮೇಲೆ ಅಂಗಡಿಯ ಬೋರ್ಡು ಬಿಟ್ಟು ಬೇರೇನೂ ಬರೆಯದಿದ್ದ ನಾನು ಹೀಗೆ ಲೇಖಕಿಯಾದೆ.

ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಗಿರಾಕಿಗೆ ಹೇಳುವ ಹಾಗೇ ಹೇಳಿದರೆ ಆಯಿತು. ಹೊಸದಾಗಿ ಕಲಿಯಬೇಕಾಗಿ ಬಂದದ್ದು ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಅಂಗಡಿಯಲ್ಲಾದರೆ ಗಿರಾಕಿ ಎದುರಿಗೆ ಇರುತ್ತಾಳೆ, ಬಟ್ಟೆ ಮೇಜಿನ ಮೇಲೆ ಇರುತ್ತದೆ. ಇಲ್ಲಿ ಎರಡು ಸಾಲು ಅಕ್ಷರ, ಅಷ್ಟೇ. ಸೂಳೆಕೆರೆ ಕಡೆಯ ಒಬ್ಬಾಕೆ, ದಿನಕ್ಕೆ ಎರಡು ಸೂಜಿ ಮುರೀತಾವೆ ಅಂತ ಬರೆದಳು. ಸೂಜಿ ಬದಲಿಸಿ ಅಂದೆ, ಎಣ್ಣೆ ಬಿಡಿ ಅಂದೆ, ನೂಲಿನ ಬಿಗಿ ಸಡಿಲಿಸಿ ಅಂದೆ. ಐದನೆಯ ದಿನ ಆಕೆ ಫೋಟೋ ಕಳಿಸಿದಾಗ ನೋಡಿದರೆ, ಮೀನು ತುಂಬುವ ದಪ್ಪ ಪ್ಲಾಸ್ಟಿಕ್ ಚೀಲವನ್ನು ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿಯುತ್ತಿದ್ದಾಳೆ! ಸಂತೇಬೆನ್ನೂರಿನ ಒಬ್ಬಾಕೆಗೆ ತನ್ನ ನಾದಿನಿಗೆ ಗೊತ್ತಾಗದ ಹಾಗೆ ನಾದಿನಿಯ ರವಿಕೆಯ ಕೊರಳಿನ ವಿನ್ಯಾಸ ಕದಿಯುವುದು ಹೇಗೆ ಅನ್ನುವುದು ಬೇಕಾಗಿತ್ತು. ಇಂಥವಕ್ಕೆಲ್ಲ ಮಧ್ಯಾಹ್ನದ ಊಟವಾದ ಮೇಲೆ, ಹಿತ್ತಲ ಬಾಗಿಲ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ಕೂತು, ಒಂದೊಂದಾಗಿ ಉತ್ತರ ಬರೆಯುತ್ತಿದ್ದೆ. ವರ್ಷ ತುಂಬುವ ಹೊತ್ತಿಗೆ, ಹೊಲಿಗೆಯಲ್ಲಿ ನಾನು ಉತ್ತರ ಹೇಳಲಾರದ ಪ್ರಶ್ನೆಯೇ ಇಲ್ಲ ಎಂಬ ಧೈರ್ಯ ಬಂದುಬಿಟ್ಟಿತ್ತು. ಧೈರ್ಯ ಅನ್ನುವುದಕ್ಕಿಂತ ಜಂಬ ಅಂದರೇ ಸರಿ.

ಆಗ ಜಗಳೂರಿನಿಂದ ಒಂದು ಪ್ರಶ್ನೆ ಬಂತು.

"ಅಕ್ಕಾ, ನೀವು ಹೇಳಿದಂಗೇ ರವಿಕೆ ಹೊಲಿದೀನಿ. ಬಲಗಡೆ ಸರಿ ಐತೆ. ಎಡಗಡೆ ಮಾತ್ರ ಸಡಿಲ ಆಗ್ತೈತೆ. ಏನು ಮಾಡ್ಬೇಕು?"

ಇದು ಹೊಸದಾಗಿ ಕಲಿಯುವವರೆಲ್ಲ ಮಾಡುವ ತಪ್ಪು ಅಂದುಕೊಂಡೆ. ಬಟ್ಟೆಯನ್ನು ಎರಡು ಪದರ ಮಡಚಿ, ಒಂದೇ ಸಲಕ್ಕೆ ಕತ್ತರಿಸಬೇಕು, ಆಗ ಎರಡೂ ಕಡೆ ಒಂದೇ ಬರುತ್ತದೆ ಎಂದು ಬರೆದೆ. ಮಾರನೆಯ ದಿನ ಉತ್ತರ ಬಂತು: "ಮಡಚೇ ಕತ್ತರಿಸೀನಿ ಅಕ್ಕಾ. ಎರಡೂ ಕಡೆ ಒಂದೇ ಐತೆ. ಆದ್ರೂ ಎಡಗಡೆ ಸಡಿಲ." ಭುಜದ ಇಳಿಜಾರು ನೋಡಿ, ಡಾಟು ಎರಡೂ ಕಡೆ ಒಂದೇ ಎತ್ತರಕ್ಕೆ ಇದೆಯಾ ನೋಡಿ ಅಂದೆ. ಒಂದು ವಾರದ ಮೇಲೆ ಮತ್ತೆ ಬಂತು: "ಎಲ್ಲಾ ನೋಡಿದೆ ಅಕ್ಕಾ. ಕೈ ಎತ್ತಿದ್ರೆ ಎಡಗಡೆ ಮೇಲಕ್ಕೆ ಹೋಗ್ತೈತೆ."

ಅವತ್ತು ನನಗೆ ಬೆನ್ನುನೋವು ಜಾಸ್ತಿಯಾಗಿತ್ತು. ಅದನ್ನು ನೆಪವಾಗಿ ಹೇಳುತ್ತಿಲ್ಲ, ಇತ್ತು ಅಷ್ಟೇ. ಎಲ್ಲರೂ ನೋಡುವ ಜಾಗದಲ್ಲೇ ಹೀಗೆ ಬರೆದೆ: "ಎರಡು ಸಲ ಹೇಳಿದ್ದೇನೆ. ಲೇಖನವನ್ನು ಮೊದಲಿನಿಂದ ಗಮನವಿಟ್ಟು ಓದಿ. ಎರಡೂ ಕಡೆ ಒಂದೇ ಅಳತೆ ಇದ್ದ ಮೇಲೆ ಒಂದು ಕಡೆ ಸಡಿಲ ಆಗಲು ಸಾಧ್ಯವೇ ಇಲ್ಲ."

ಸಂಜೆಯೊಳಗೆ ಹದಿನೈದಿಪ್ಪತ್ತು ಜನ ಅದಕ್ಕೆ ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದರು. ನನಗೂ ಹಿತವೇ ಆಯಿತು. ಜಗಳೂರಿನಿಂದ ಮತ್ತೆ ಪ್ರಶ್ನೆ ಬರಲಿಲ್ಲ. ಅರ್ಥವಾಗಿರಬೇಕು ಅಂದುಕೊಂಡು ಮರೆತೆ.

ಸುಮಾರು ಹತ್ತು ದಿನದ ಮೇಲೆ ಸಂಪಾದಕಿ ಫೋನ್ ಮಾಡಿದರು. ಯಾವಾಗಲೂ ನಗುತ್ತಾ ಮಾತು ಶುರು ಮಾಡುವವರು ಅವತ್ತು ನಗಲಿಲ್ಲ.

"ನಿಮಗೆ ಮಾತ್ರ ಅಂತ ಒಬ್ಬರು ಒಂದು ಸಂದೇಶ ಕಳಿಸಿದ್ದಾರೆ. ನಮ್ಮ ಕಚೇರಿಗೆ ಬಂದಿದ್ದರಿಂದ ನಾನು ಓದಿಬಿಟ್ಟೆ, ಕ್ಷಮಿಸಿ. ನಿಮಗೆ ಕಳಿಸ್ತೀನಿ. ಕೆಲಸ ಎಲ್ಲ ಮುಗಿಸಿ, ಕೂತ್ಕೊಂಡು ಓದಿ."

ನಾನು ನಿಂತೇ ಓದಿದೆ.

"ಅಕ್ಕಾ, ಎಲ್ಲಾರೂ ನೋಡೋ ಜಾಗದಾಗೆ ಹೇಳಾಕೆ ಆಗ್ಲಿಲ್ಲ. ರವಿಕೆ ನನಗಲ್ಲ, ನಮ್ಮಕ್ಕಂಗೆ. ಹೋದ ವರ್ಷ ಕ್ಯಾನ್ಸರ್ ಆಗಿ ಅವಳ ಎಡಗಡೆ ಮೊಲೆ ತೆಗೆದ್ರು. ಈಗ ಆರಾಮ ಅದಾಳೆ, ಕೆಲಸಕ್ಕೂ ಹೋಗ್ತಾಳೆ. ಆದ್ರೆ ಟೇಲರ್ ಹತ್ರ ಹೋಗಾಕೆ ಒಲ್ಲೆ ಅಂತಾಳೆ. ಅದಕ್ಕೇ ನಾನು ನಿಮ್ಮ ಲೇಖನ ನೋಡಿ ಹೊಲಿಗೆ ಕಲೀತಾ ಇದೀನಿ. ನೀವು ಹೇಳಿದ್ದು ಸರಿ ಐತೆ, ಎರಡೂ ಕಡೆ ಒಂದೇ ಇದ್ರೆ ಸಡಿಲ ಆಗಲ್ಲ. ಅವಳಿಗೆ ಎರಡೂ ಕಡೆ ಒಂದೇ ಇಲ್ಲ."

ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಆಕೆ ನನ್ನನ್ನು ಬೈದಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂಗಡಿಯ ದಿನಗಳಲ್ಲಿ ನನ್ನ ಹತ್ತಿರ ಹನ್ನೆರಡು ವರ್ಷ ಬರುತ್ತಿದ್ದ ಒಬ್ಬ ಗಿರಾಕಿ ನೆನಪಾದರು. ಆಪರೇಷನ್ ಆಯಿತಂತೆ ಎಂದು ಯಾರೋ ಹೇಳಿದ ಮೇಲೆ ಅವರು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕರೆ ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಮಾತಾಡಿಸುತ್ತಿದ್ದರು. ಬೇರೆ ಟೇಲರ್ ಹಿಡಿದಿರಬೇಕು ಅಂದುಕೊಂಡು ನಾನು ಸುಮ್ಮನಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ರವಿಕೆ ಒಂದನ್ನೂ ನಾನು ಹೊಲಿದಿರಲಿಲ್ಲ. ಕೇಳಿದವರಿರಲಿಲ್ಲ ಅಂತ ಹೇಳಬಹುದು. ಕೇಳುವ ಹಾಗೆ ನಾನು ಇದ್ದೆನೇ ಅನ್ನುವುದು ಅವತ್ತು ಮೊದಲ ಸಲ ತಲೆಗೆ ಬಂತು.

ನನ್ನ ಆ ಒರಟು ಉತ್ತರವನ್ನು ತೆಗೆಸಿ ಹಾಕಿದೆ. ಆಮೇಲೆ ಜಗಳೂರಿನಾಕೆಗೆ ಬರೆದೆ: "ನನ್ನಿಂದ ತಪ್ಪಾಯಿತು ತಂಗಿ. ಇದು ನನಗೆ ಗೊತ್ತಿಲ್ಲ. ತಿಳಿದುಕೊಂಡು ಹೇಳುತ್ತೇನೆ, ಸ್ವಲ್ಪ ದಿನ ಕೊಡು." ಗೊತ್ತಿಲ್ಲ ಎಂದು ಓದುಗರೊಬ್ಬರಿಗೆ ನಾನು ಬರೆದದ್ದು ಅದೇ ಮೊದಲು. ಆಕೆಯಿಂದ ತಕ್ಷಣ ಉತ್ತರ ಬಂತು: "ಆಗ್ಲಿ ಅಕ್ಕಾ. ಕಾಯ್ತೀನಿ."

ಹಳೆಯ ರವಿಕೆಗಳನ್ನು ಬಿಚ್ಚಿ, ಒಳಗೆ ಹತ್ತಿ ತುಂಬಿದ ಮೆತ್ತೆ ಇಟ್ಟು ಹೊಲಿದು ನೋಡಿದೆ. ನನ್ನ ಮೈಮೇಲೆ ಹಾಕಿಕೊಂಡರೆ ಏನು ಗೊತ್ತಾಗುತ್ತದೆ? ಮೂರು ದಿನ ಹೀಗೆ ಒದ್ದಾಡಿದ ಮೇಲೆ, ನ್ಯಾಮತಿಯ ಒಬ್ಬ ಓದುಗರು ನೆನಪಾದರು. ಹಾಸಿಗೆ ಹಿಡಿದವರಿಗೆ ಹಿಂದಿನಿಂದ ತೊಡಿಸುವ ಅಂಗಿ ಹೊಲಿಯುವುದು ಹೇಗೆ ಎಂದು ಒಮ್ಮೆ ಕೇಳಿದ್ದರು, ತಾನು ನಿವೃತ್ತ ನರ್ಸು ಎಂದೂ ಹೇಳಿಕೊಂಡಿದ್ದರು. ನಂಬರು ಕೇಳಿ ಪಡೆದು ಫೋನ್ ಮಾಡಿದೆ. ವಿಷಯ ಹೇಳಿ ಮುಗಿಸುವ ಮೊದಲೇ ಅವರು ಶುರು ಮಾಡಿದರು.

"ಗಾಯ ಪೂರ್ತಿ ಮಾಗೈತಾ? ಡಾಕ್ಟ್ರು ಏನ್ ಹೇಳ್ಯಾರೆ? ಆ ಕಡೆ ಕೈ ಊದ್ಕೊಳ್ತೈತಾ?"

"ಕೈಯಾ?" ಎಂದೆ ನಾನು.

"ಹ್ಞೂಂ ರೀ, ಕೈ. ಈ ಆಪರೇಷನ್ ಆದೋರಿಗೆ ಎಷ್ಟೋ ಸಲ ಆ ಕಡೆ ತೋಳು ಬಾವು ಬರ್ತೈತೆ. ನೀವು ತೋಳು ಬಿಗಿಯಾಗಿ ಹೊಲಿದು ಕೊಟ್ರೆ ಅವರ ಗತಿ ಏನು? ಗಾಯದ ಗೀರು ಎಲ್ಲಿಂದ ಎಲ್ಲಿಗೈತೆ ಅಂತ ಗೊತ್ತೇನು? ಅದರ ಮೇಲೆ ಹೊಲಿಗೆ ಬಂದ್ರೆ ಉಜ್ಜಿ ಉಜ್ಜಿ ಪ್ರಾಣ ತಿಂತೈತೆ."

ನನಗೆ ಯಾವುದೂ ಗೊತ್ತಿರಲಿಲ್ಲ. ಅವರು, "ಇದು ಫೋನಾಗೆ ಹೇಳೋ ಕೆಲಸ ಅಲ್ಲ. ಅವರು ಒಪ್ಪಿದ್ರೆ ಹೋಗಿಬರಾನ. ನಾನೂ ಬರ್ತೀನಿ," ಎಂದರು.

ಜಗಳೂರಿನ ತಂಗಿ ತನ್ನ ಅಕ್ಕನನ್ನು ಕೇಳಿ ಹೇಳಿದಳು: "ಬರ್ಲಿ ಅಂದಾಳೆ ಅಕ್ಕಾ. ಆದ್ರೆ ರೋಗಿ ನೋಡಾಕೆ ಬಂದೋರ ತರ ಬರಬಾರ್ದು ಅಂದಾಳೆ."

ಒಂದು ಭಾನುವಾರ ಬೆಳಿಗ್ಗೆ ನಾನು ಚನ್ನಗಿರಿಯಿಂದ, ನರ್ಸಮ್ಮ ನ್ಯಾಮತಿಯಿಂದ ಹೊನ್ನಾಳಿ ಮೇಲೆ ಹೊರಟು ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಸೇರಿದೆವು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನನ್ನ ಕೈಯಲ್ಲಿದ್ದ ಕತ್ತರಿಯ ಚೀಲ ನೋಡಿ ಅವರೇ ಹತ್ತಿರ ಬಂದರು. ಕುಳ್ಳಗಿನ, ಚುರುಕು ನಡಿಗೆಯ ಹೆಂಗಸು. ಕೈಯಲ್ಲಿ ಎರಡು ಡಜನ್ ಬಾಳೆಹಣ್ಣು.

"ಹಣ್ಣು ಯಾಕ್ರೀ ತಂದ್ರಿ? ರೋಗಿ ನೋಡಾಕೆ ಬಂದಂಗೆ ಆಗ್ತೈತೆ!" ಎಂದೆ.

"ಅಯ್ಯೋ, ಮೂವತ್ತು ವರ್ಷದ ಅಭ್ಯಾಸ ಕಣ್ರೀ," ಎಂದು ನಾಲಿಗೆ ಕಚ್ಚಿಕೊಂಡರು. ಜಗಳೂರಿನ ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಹಂಚಿದೆವು. ಉಳಿದದ್ದನ್ನು ನಾವಿಬ್ಬರೂ ತಿಂದೆವು. ಕಿಟಕಿಯ ಹೊರಗೆ ಮೆಕ್ಕೆಜೋಳ ಮುಗಿದು, ಕೆಂಪು ನೆಲ, ಶೇಂಗಾ, ದೂರ ದೂರಕ್ಕೆ ಗಾಳಿಯಂತ್ರ ಶುರುವಾಗುವ ಹೊತ್ತಿಗೆ ನಾವು ಹಳೆಯ ಗೆಳತಿಯರ ಹಾಗೆ ಆಗಿದ್ದೆವು.

ಬಾಗಿಲು ತೆಗೆದದ್ದು ಅಕ್ಕನೇ. ನಾನು ಯಾಕೋ ಬಾಡಿದ ಮುಖವನ್ನು ಎಣಿಸಿಕೊಂಡು ಬಂದಿದ್ದೆ. ಎದುರಿಗೆ ನಿಂತದ್ದು ಎತ್ತರದ, ದೊಡ್ಡ ಗಂಟಲಿನ ಹೆಂಗಸು, ಪ್ರಾಥಮಿಕ ಶಾಲೆಯ ಟೀಚರು. ಕೂದಲು ಈಗಷ್ಟೇ ಕಿವಿಯ ತನಕ ಬೆಳೆದಿತ್ತು. ಹಿಂದೆ ಬಾಗಿಲ ಪಕ್ಕದಲ್ಲಿ ತಂಗಿ. ಪ್ರಶ್ನೆ ಕೇಳಿದ್ದವಳು ಇವಳೇ. ಮೂವತ್ತರ ಆಸುಪಾಸು, ನನ್ನನ್ನು ನೋಡಿ ನಾಚಿಕೊಂಡು ನಿಂತಿದ್ದಳು. ನಾಚಬೇಕಾದವಳು ನಾನಾಗಿದ್ದೆ.

ಚಹಾ ಕುಡಿಯುತ್ತಾ ಅಕ್ಕ ನೇರವಾಗಿ ವಿಷಯಕ್ಕೆ ಬಂದರು.

"ನೋಡ್ರೀ, ನನಗೆ ಚಂದ ಕಾಣೋದು ಆಮೇಲಿನ ಮಾತು. ನಾನು ಬೋರ್ಡ್ ಮೇಲೆ ಬರೆಯೋಳು. ಕೈ ಎತ್ತಿದ್ರೆ ರವಿಕೆ ಈ ಕಡೆ ಎದ್ದು ಬರ್ತೈತೆ. ಒಂದು ಕೈಯಾಗೆ ಸೀಮೆಸುಣ್ಣ, ಇನ್ನೊಂದು ಕೈಯಾಗೆ ರವಿಕೆ ಹಿಡ್ಕೊಂಡು ಪಾಠ ಮಾಡಾಕೆ ಆಗ್ತೈತಾ? ಎರಡು ತಿಂಗಳಿಂದ ಕುರ್ಚಿ ಮೇಲೆ ಕೂತೇ ಮಾಡ್ತೀನಿ. ಮಿಸ್, ಬೋರ್ಡ್ ಮೇಲೆ ಯಾಕೆ ಬರೆಯಲ್ಲ ಅಂತ ನಾಲ್ಕನೇ ಕ್ಲಾಸಿನವು ಕೇಳ್ತಾವೆ."

"ಏನು ಹೇಳ್ತೀರಿ?" ಎಂದರು ನರ್ಸಮ್ಮ.

"ಕಾಲು ನೋವು ಅಂತೀನಿ," ಎಂದು ಅಕ್ಕ ನಕ್ಕರು.

ಒಳಗಿನ ಕೋಣೆಯಲ್ಲಿ ಅಳತೆ ತೆಗೆದೆವು. ಸಾವಿರಾರು ಜನರ ಅಳತೆ ತೆಗೆದ ನನ್ನ ಕೈ, ಟೇಪು ಹಿಡಿದು ಅರ್ಧಕ್ಕೇ ನಿಂತಿತು. ಎಡಗಡೆ ಕಂಕುಳಿನಿಂದ ಎದೆಯ ನಡುವಿನ ತನಕ ಓರೆಯಾಗಿ ಒಂದು ಗೀರು ಇತ್ತು, ಅದರ ಸುತ್ತ ಚರ್ಮ ನುಣ್ಣಗೆ, ಸಪಾಟಾಗಿತ್ತು. "ಹಿಡೀರಿ, ನೋಯಲ್ಲ," ಎಂದರು ಅಕ್ಕ, ತರಗತಿಯಲ್ಲಿ ಹೇಳುವ ಹಾಗೆ. ಹಿಡಿದೆ. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಅಳತೆ ಹೇಳುತ್ತಾ ಹೋದೆ, ತಂಗಿ ಎರಡು ಸಾಲು ಮಾಡಿ ಬರೆದುಕೊಂಡಳು. ಎಡತೋಳು ಬಲತೋಳಿಗಿಂತ ಒಂದೂವರೆ ಇಂಚು ದಪ್ಪವಿತ್ತು. ನರ್ಸಮ್ಮ ಬೆರಳಿನಿಂದ ತೋರಿಸಿ, ಇಲ್ಲಿಂದ ಇಲ್ಲಿಯವರೆಗೆ ಹೊಲಿಗೆ ಬರಕೂಡದು ಎಂದರು. ನಾನು ಡಾಟು ಹಿಡಿಯುವುದೇ ಸರಿಯಾಗಿ ಅಲ್ಲಿ. ಅದನ್ನು ಪಕ್ಕಕ್ಕೆ ಸರಿಸಬೇಕಾಯಿತು.

ನೆಲದ ಮೇಲೆ ಬಟ್ಟೆ ಹಾಸಿ, ಮಡಚದೆ, ಎಡಭಾಗವನ್ನೂ ಬಲಭಾಗವನ್ನೂ ಬೇರೆ ಬೇರೆಯಾಗಿ ಕತ್ತರಿಸಿದೆ. ಕತ್ತರಿ ಹಿಡಿದ ಮೇಲೆ ಹಾಗೆ ಕತ್ತರಿಸಿದ್ದು ಅದೇ ಮೊದಲು. ತಂಗಿ ಯಂತ್ರ ತುಳಿದಳು. ನೋಡಿದರೆ ಹುಡುಗಿಯ ಹೊಲಿಗೆ ಬಲು ನೇರ. ನನ್ನ ಲೇಖನಗಳನ್ನು ಇಷ್ಟು ಗಮನವಿಟ್ಟು ಓದಿದವರು ಬೇರೆ ಯಾರೂ ಇರಲಾರರು ಅನ್ನಿಸಿತು.

ಒಳಗೆ ಒಂದು ಜೇಬು ಮಾಡಿ, ಹತ್ತಿ ತುಂಬಿದ ಮೆತ್ತೆ ಇಟ್ಟು ಹಾಕಿಸಿದೆವು. ಆಕಾರ ಬಂತು. ಆದರೆ ಅಕ್ಕ ಕೈ ಎತ್ತಿದ ಕೂಡಲೇ ಮೆತ್ತೆಯೂ ರವಿಕೆಯೂ ಸೇರಿ ಮೇಲಕ್ಕೆ ಹೋದವು.

"ತೂಕ ಇಲ್ಲ ರೀ," ಎಂದರು ನರ್ಸಮ್ಮ. "ಆ ಕಡೆ ತೂಕ ಐತೆ, ಈ ಕಡೆ ಗಾಳಿ ಐತೆ. ಹೆಂಗೆ ನಿಲ್ತೈತೆ?"

ತಂಗಿ ಅಡುಗೆಮನೆಯಿಂದ ಅಕ್ಕಿ ತಂದಳು. ಕೈಯಲ್ಲಿ ಹಿಡಿದು ನೋಡಿದೆವು, ಚುಚ್ಚುತ್ತದೆ. ರಾಗಿ ತಂದಳು, ಹೊಲಿಗೆಯ ಸಂದಿಯಿಂದ ಸೋರುತ್ತದೆ. ಆಮೇಲೆ ನವಣೆ ತಂದಳು. ಹಳೆಯ ಪಂಚೆಯ ಮೆತ್ತನೆ ಬಟ್ಟೆ ಎರಡು ಪದರ ಮಾಡಿ, ಅಂಗೈಯಷ್ಟು ಚೀಲ ಹೊಲಿದು, ಅದರಲ್ಲಿ ನವಣೆ ತುಂಬಿ, ಮೇಲೆ ಹತ್ತಿ ಹಾಸಿದೆವು. ಹಿಡಿದರೆ ಮೆತ್ತಗಿತ್ತು, ಭಾರವೂ ಇತ್ತು, ಒತ್ತಿದ ಕಡೆ ಸರಿದು ಕೂರುತ್ತಿತ್ತು.

"ತೊಳೆಯೋಕೆ ಮುಂಚೆ ಮರೀದೆ ತೆಗೀರಿ. ನೀರು ತಾಗಿದ್ರೆ ಮೊಳಕೆ ಬರ್ತೈತೆ," ಎಂದೆ.

"ಬರ್ಲಿ ಬಿಡ್ರಿ," ಎಂದರು ಅಕ್ಕ. "ಈ ವರ್ಷ ಹೊಲದಾಗೆ ಬೆಳೆ ಕಮ್ಮಿ ಐತೆ."

ನಾಲ್ಕು ಜನವೂ ನಕ್ಕೆವು. ಕಣ್ಣೀರು ಬರುವಷ್ಟು ನಕ್ಕೆವು. ನಡುವೆ ಯಾರ ಕಣ್ಣೀರು ಎಂಥದ್ದು ಅಂತ ನಾನು ನೋಡಲು ಹೋಗಲಿಲ್ಲ.

ಕೊನೆಗೆ ರವಿಕೆಯ ಕೆಳಗೆ ಒಂದು ಅಗಲದ ಪಟ್ಟಿ ಕೊಟ್ಟು, ಎಡತೋಳನ್ನು ಇನ್ನಷ್ಟು ಸಡಿಲಿಸಿ ಹಾಕಿಸಿದೆವು. ಅಕ್ಕ ಪಡಸಾಲೆಗೆ ಬಂದು, ಸೀಮೆಸುಣ್ಣ ತೆಗೆದುಕೊಂಡು, ತುದಿಗಾಲಲ್ಲಿ ನಿಂತು ಒಳಬಾಗಿಲ ಮರದ ಹಲಗೆಯ ತುತ್ತತುದಿಯಲ್ಲಿ ಬರೆದರು: ಎರಡೊಂದ್ಲ ಎರಡು. ರವಿಕೆ ಅಲ್ಲಾಡಲಿಲ್ಲ. ಎರಡೆರಡ್ಲ ನಾಲ್ಕು. ನಾವು ಮೂವರೂ ಹಿಂದೆ ನಿಂತು ಎಡಪಕ್ಕೆಯನ್ನೇ ನೋಡುತ್ತಿದ್ದೆವು. ಅವರು ನಡುವೆ ನಿಲ್ಲಿಸಲಿಲ್ಲ, ಮಗ್ಗಿ ಪೂರ್ತಿ ಬರೆದು, ಕೆಳಗೆ ಗೆರೆ ಎಳೆದು, ನಮ್ಮ ಕಡೆ ತಿರುಗಿದರು. ಎರಡೂ ಕೈಯ ಸುಣ್ಣ ಕೊಡವಿದರು. ತಂಗಿ ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಕೇಳಿಸಿತು.

ಊಟ ಮಾಡದೆ ಬಿಡಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ತಂಗಿ ಬಸ್ಸಿನ ತನಕ ಬಂದಳು. ಬಸ್ಸು ಬರುವ ಮುಂಚೆ, ನಾನು ಹೇಳಬೇಕು ಅಂದುಕೊಂಡಿದ್ದನ್ನು ಹೇಳಿದೆ.

"ಅವತ್ತು ನಾನು ಹಂಗೆ ಬರೀಬಾರದಿತ್ತಮ್ಮ."

"ನಾನೂ ಪೂರ್ತಿ ಹೇಳಿರಲಿಲ್ಲ ಬಿಡ್ರಿ ಅಕ್ಕಾ," ಎಂದಳು. ಆಮೇಲೆ ನೆಲ ನೋಡುತ್ತಾ, "ಆ ದಿನ ಯಂತ್ರ ಮುಚ್ಚಿಟ್ಟುಬಿಟ್ಟಿದ್ದೆ. ಅಕ್ಕನೇ ಬೈದು, ಇನ್ನೊಂದು ಸಲ ಕೇಳು ಅಂದ್ಲು," ಎಂದಳು.

ಊರಿಗೆ ಬಂದು ಲೇಖನ ಬರೆದೆ. ಏನು ಹೊಲಿಯಬೇಕು ಎಂಬುದಕ್ಕಿಂತ ಮುಂಚೆ, ಗಾಯ ಮಾಗಿದೆಯೇ ಎಂದು ಡಾಕ್ಟರನ್ನು ಕೇಳಿ, ತೋಳಿಗೆ ಬಾವು ಇದ್ದರೆ ಮೊದಲು ತೋರಿಸಿ ಎಂಬ ಮಾತನ್ನು ನರ್ಸಮ್ಮ ಹೇಳಿಬರೆಸಿದರು. ಸಂಪಾದಕಿ ಓದಿ ಮೆಚ್ಚಿಕೊಂಡರೂ ಒಂದು ಪದದ ಹತ್ತಿರ ತಡೆದರು.

"ಮೊಲೆ ಅಂತ ನೇರವಾಗಿ ಹಾಕೋದಾ? 'ಎದೆಯ ಭಾಗ' ಅಂದ್ರೆ ಸ್ವಲ್ಪ ಮೃದುವಾಗಿರುತ್ತೆ."

ನನಗೂ ಅನುಮಾನವಾಯಿತು. ಜಗಳೂರಿಗೆ ಫೋನ್ ಮಾಡಿ ಅಕ್ಕನನ್ನೇ ಕೇಳಿದೆ.

"ಡಾಕ್ಟ್ರು ತೆಗೆದಿದ್ದು ಎದೆ ಅಲ್ರೀ, ಮೊಲೆ," ಎಂದರು. "ಹಂಗೇ ಬರೀರಿ. ಎದೆ ಐತೆ ಇನ್ನೂ."

ಹಾಗೆಯೇ ಹೋಯಿತು. ಆ ಲೇಖನದ ಕೆಳಗೆ ಎಲ್ಲರೂ ನೋಡುವ ಹಾಗೆ ಪ್ರಶ್ನೆ ಕೇಳುವ ಜಾಗ ಇಡಬೇಡಿ, ನೇರ ನನಗೆ ಬರುವ ಹಾಗೆ ಮಾಡಿ ಎಂದು ಸಂಪಾದಕಿಗೆ ಹೇಳಿದೆ. ಮೊದಲ ವಾರ ಒಂದೂ ಬರಲಿಲ್ಲ. ಎರಡನೆಯ ವಾರದಿಂದ ಬರತೊಡಗಿದವು. ಹೆಚ್ಚಿನವರು ಊರು ಹೇಳುವುದಿಲ್ಲ, ಕೆಲವರು ಒಂದೇ ಸಾಲು ಬರೆದು ಮತ್ತೆ ಕಾಣೆಯಾಗುತ್ತಾರೆ. ಔಷಧ, ಗಾಯದ ಮಾತು ಬಂದರೆ ನರ್ಸಮ್ಮನಿಗೆ ಓದಿ ಹೇಳುತ್ತೇನೆ. ಅವರು ಅರ್ಧ ಪ್ರಶ್ನೆಗೆ, "ಡಾಕ್ಟ್ರ ಹತ್ರ ಕಳಿಸ್ರೀ, ನಾವು ಬಾಯಿ ಹಾಕೋದಲ್ಲ," ಎನ್ನುತ್ತಾರೆ. ನನ್ನ ಮೊದಲ ಲೇಖನದಲ್ಲಿದ್ದ, ಬಟ್ಟೆ ಮಡಚಿ ಕತ್ತರಿಸಿ ಎಂಬ ಸಾಲಿನ ಮುಂದೆ, ಎರಡೂ ಕಡೆ ಅಳತೆ ತೆಗೆದು ನೋಡಿದ ಮೇಲೆ ಎಂದು ಸೇರಿಸಿದ್ದೇನೆ.

ಈಚೆಗೆ ಹೊನ್ನಾಳಿಯಿಂದ ಗಂಡಸೊಬ್ಬರು ಬರೆದರು. ಹೆಂಡತಿಗೆ ಅದೇ ಆಪರೇಷನ್ ಆಗಿದೆ, ಆಕೆ ಯಾರಿಗೂ ಹೇಳಗೊಡುವುದಿಲ್ಲ, ಅಳತೆ ತೆಗೆಯಲು ಬೇರೆಯವರನ್ನು ಮನೆಗೆ ಸೇರಿಸುವುದಿಲ್ಲ. "ನನಗೆ ಹೊಲಿಗೆ ಬರಲ್ಲ. ಚೀಲದ ಬಾಯಿ ಹೊಲಿದು ಗೊತ್ತು, ಅಷ್ಟೇ. ಮಾಡಬಹುದಾ?" ಎಂದು ಕೇಳಿದ್ದರು. ಟೇಪು ಎಲ್ಲಿಂದ ಎಲ್ಲಿಗೆ ಹಿಡಿಯಬೇಕು ಎಂದು ಕಾಗದದ ಮೇಲೆ ಚಿತ್ರ ಬರೆದು, ಫೋಟೋ ತೆಗೆದು ಕಳಿಸಿದೆ. ಹೊಸ ರವಿಕೆ ಬೇಡ, ಇರುವ ರವಿಕೆಗೇ ಒಳಗೆ ಜೇಬು ಕೊಡಿ, ಕೈಸೂಜಿ ಸಾಕು ಎಂದೆ. ಎಂಟು ದಿನ ಸುದ್ದಿ ಇರಲಿಲ್ಲ. ಒಂಬತ್ತನೆಯ ದಿನ ಎರಡು ಸಾಲು ಬಂತು.

"ಹೊಲಿಗೆ ಸೊಟ್ಟ ಬಂದೈತೆ ಮೇಡಂ. ಆದ್ರೂ ಹಾಕ್ಕೊಂಡಳು."

ಸೊಟ್ಟ ಹೊಲಿಗೆಯನ್ನು ಬಟ್ಟೆ ಹರಿಯದಂತೆ ಬಿಚ್ಚುವುದು ಹೇಗೆ ಎಂದು ಬರೆಯಲು ಶುರು ಮಾಡಿದವಳು, ಅಳಿಸಿ, ಹಾಗೇ ಇರಲಿ ಬಿಡಿ ಎಂದು ಬರೆದು ಕಳಿಸಿದೆ.